ಒಂದು ಬಿಳಿ ದೀಪ

ನಮ್ಮೂರಿನ ಚೌಕದ ಕಮಾನುಸಾಲಿನ ಕೆಳಗೆ, ಇರ್ಮಾಳ ಕಾಫಿ ಅಂಗಡಿಗೂ ಹಳೇ ಔಷಧದಂಗಡಿಗೂ ನಡುವೆ, ಗೋಡೆಗೆ ಒಂದು ಗಾಜಿನ ಪೆಟ್ಟಿಗೆ ಹೊಡೆದಿದ್ದಾರೆ. ಅದರ ಬೀಗದ ಕೈ ಹನ್ನೊಂದು ವರ್ಷ ನನ್ನ ಚೀಲದಲ್ಲಿತ್ತು. ಪ್ರತಿ ತಿಂಗಳ ಮೊದಲ ಸೋಮವಾರ ಹಳೇ ಹಾಳೆ ತೆಗೆದು ಹೊಸದನ್ನು ಅಂಟಿಸುವುದು ನನ್ನ ಕೆಲಸ. ತಲೆಬರಹ ಯಾವಾಗಲೂ ಒಂದೇ: ‘ನಿಮ್ಮ ಸೆನೆಟರ್ ರೋಮಿನಲ್ಲಿ ಏನು ಮಾಡಿದರು?’ ಕೆಳಗೆ ಆ ತಿಂಗಳು ಮತಕ್ಕೆ ಬಂದ ಕಾನೂನುಗಳು, ಪ್ರತಿಯೊಂದರ ಎದುರು ನಮ್ಮವರು ಒತ್ತಿದ ದೀಪದ ಬಣ್ಣ. ಹಸಿರು ಅಂದರೆ ಒಪ್ಪಿಗೆ, ಕೆಂಪು ಅಂದರೆ ವಿರೋಧ, ಬಿಳಿ ಅಂದರೆ ಎರಡೂ ಅಲ್ಲ. ರೋಮಿನ ಸಭಾಂಗಣದ ದೊಡ್ಡ ಫಲಕದಲ್ಲಿ ಹೊತ್ತಿಕೊಳ್ಳುವ ದೀಪಗಳೂ ಅವೇ ಬಣ್ಣದವು. ಅದಕ್ಕೇ ನಾನು ಪುಟ್ಟ ಪುಟ್ಟ ಬಣ್ಣದ ಕಾಗದದ ಚುಕ್ಕೆಗಳನ್ನು ಕತ್ತರಿಸಿ ಅಂಟಿಸುತ್ತಿದ್ದೆ. ಕನ್ನಡಕ ಮರೆತು ಬಂದ ಮುದುಕರೂ ಓದಲಿ ಅಂತ.

ನಾನು ಡೆಲ್ಫೀನಾ. ಸೆನೆಟರ್ ಎವಾಸಿಯೊ ಬರ್ತೋಲಿಯೊ ಅವರ ಊರಿನ ಕಚೇರಿಯ ಕಾರ್ಯದರ್ಶಿ. ಕಾರ್ಯದರ್ಶಿ ಅನ್ನುವುದು ದೊಡ್ಡ ಮಾತು. ಟೈಪು ಮಾಡುವವಳು, ಫೋನ್ ಎತ್ತುವವಳು, ಅವರು ಒಳಗೆ ಪೇಪರ್ ಓದುತ್ತಾ ಕೂತಿದ್ದರೂ ‘ಮೀಟಿಂಗಿನಲ್ಲಿದ್ದಾರೆ’ ಎಂದು ಕಣ್ಣು ಮಿಟುಕಿಸದೆ ಸುಳ್ಳು ಹೇಳುವವಳು. ಸೆನೆಟರ್ ಆಗುವ ಮೊದಲು ಅವರು ಆ ಔಷಧದಂಗಡಿಯ ಯಜಮಾನರಾಗಿದ್ದರು. ನಮ್ಮ ಕಡೆ ಅಷ್ಟು ಓದಿದವರನ್ನೆಲ್ಲ ಡಾಕ್ಟರ್ ಅಂತಲೇ ಕರೆಯುವುದು. ಹಾಗಾಗಿ ರೋಮಿಗೆ ಹೋದ ಮೇಲೂ ಅವರು ನಮಗೆ ಡಾಕ್ಟ್ರೇ.

ಆ ಸೋಮವಾರಗಳಂದು ಇರ್ಮಾ ಕೈ ಒರೆಸಿಕೊಳ್ಳುತ್ತ ಹೊರಗೆ ಬಂದು ಹಾಳೆಯ ಮುಂದೆ ನಿಲ್ಲುತ್ತಿದ್ದಳು.

“ಏನೇ ಡೆಲ್ಫೀನಾ, ಈ ತಿಂಗಳು ಬರೀ ಹಸಿರು! ತೋಟ ಮಾಡಿಬಿಟ್ಟಿದ್ದಾರಲ್ಲೇ ನಿಮ್ಮ ಡಾಕ್ಟ್ರು.”

“ಸುಮ್ನಿರೇ. ಓದೋಕೆ ಬಂದ್ರೆ ಓದು, ಇಲ್ದಿದ್ರೆ ಕಾಫಿ ಮಾಡು.”

“ಓದ್ತೀನಮ್ಮ, ಓದ್ತೀನಿ. ನನ್ನ ವೋಟು ತಗೊಂಡು ಹೋದವ್ರು ಅದನ್ನ ಎಲ್ಲಿಟ್ರು ಅಂತ ನೋಡ್ಬೇಡ್ವಾ?”

ಬಾಯಿ ಜೋರು, ಮನಸ್ಸು ಮೃದು. ಗಂಡ, ಇಬ್ಬರು ಅಣ್ಣಂದಿರು, ಮೂವರನ್ನೂ ಒಂದೇ ಕಾಯಿಲೆಗೆ ಕಳೆದುಕೊಂಡವಳು ಅವಳು. ಮೂವತ್ತೈದು ವರ್ಷದ ಗೆಳೆತನ ನಮ್ಮದು. ದಿನಾ ಬೆಳಿಗ್ಗೆ ಎಂಟಕ್ಕೆ ಅವಳ ಕೈಯ ಕಾಫಿ ಕುಡಿಯದೆ ನಾನು ಕಚೇರಿಯ ಮೆಟ್ಟಿಲು ಹತ್ತಿದವಳಲ್ಲ.

ಆ ಕಾಯಿಲೆಯ ವಿಷಯ ಹೇಳಿಬಿಡುತ್ತೇನೆ. ನಮ್ಮೂರು ಪೊಂತೆಬ್ರೂನೊದಲ್ಲಿ ಅದನ್ನು ಹೇಳದೆ ಯಾವ ಮಾತೂ ಮುಂದಕ್ಕೆ ಹೋಗುವುದಿಲ್ಲ. ಪೊ ನದಿಯ ದಂಡೆಯಲ್ಲಿ ಕಲ್ನಾರಿನ, ಅಂದರೆ ಆಸ್ಬೆಸ್ಟಾಸಿನ, ಶೀಟು ಪೈಪು ಮಾಡುವ ಕಾರ್ಖಾನೆಯಿತ್ತು. ಎಂಬತ್ತು ವರ್ಷ ನಡೆಯಿತು, ಆಮೇಲೆ ಬಾಗಿಲು ಹಾಕಿತು. ಅದರ ಧೂಳು ಮಾತ್ರ ಬಾಗಿಲು ಹಾಕಿಕೊಳ್ಳಲಿಲ್ಲ. ಲೇತಿನಲ್ಲಿ ಪೈಪು ಕಡೆದಾಗ ಉದುರಿದ ಪುಡಿಯನ್ನು ಕಾರ್ಖಾನೆಯವರು ಪುಕ್ಕಟೆ ಕೊಡುತ್ತಿದ್ದರು. ಜನ ಗೋಣಿಚೀಲ ತಗೊಂಡು ಸಾಲು ನಿಲ್ಲುತ್ತಿದ್ದರು. ಅಟ್ಟಕ್ಕೆ ಹರಡಿದರೆ ಚಳಿಗಾಲದಲ್ಲಿ ಮನೆ ಬೆಚ್ಚಗಿರುತ್ತದೆ, ಅಂಗಳಕ್ಕೆ ಹಾಕಿದರೆ ಕೆಸರಾಗುವುದಿಲ್ಲ. ಚರ್ಚಿನ ಹಿಂದೆ ಗುಂಡು ಉರುಳಿಸಿ ಆಡುವ ಅಂಕಣಕ್ಕೂ ಅದನ್ನೇ ಹಾಸಿದ್ದರು. ನಾವೆಲ್ಲ ಅದರ ಮೇಲೇ ಆಡಿ ಬೆಳೆದವರು. ಮೂವತ್ತು ವರ್ಷ ಎದೆಯೊಳಗೆ ಸುಮ್ಮನೆ ಕೂತಿದ್ದು, ಒಂದು ದಿನ ಎದ್ದು ನಿಲ್ಲುವ ಧೂಳು ಅದು. ಎದ್ದಮೇಲೆ ಒಂದು ವರ್ಷವೋ, ಒಂದೂವರೆಯೋ, ಅಷ್ಟೇ.

ನನ್ನ ಗಂಡ ಸೆಕೊಂಡೊ ಆ ಕಾರ್ಖಾನೆಯಲ್ಲಿ ಹತ್ತೊಂಬತ್ತು ವರ್ಷ ಪೈಪು ಕಡೆದ. ಆ ಧೂಳು ಹಿಡಿದ ಕೆಲಸದ ಬಟ್ಟೆ ಒಗೆದವಳು ನಾನು. ಅವನಿಗೆ ಕಾಯಿಲೆ ಗೊತ್ತಾದ ದಿನ ಆಸ್ಪತ್ರೆಯ ಹೊರಗೆ ಬೆಂಚಿನ ಮೇಲೆ ಕೂತು, “ನೀನೂ ಒಂದ್ಸಲ ತೋರಿಸ್ಕೋಬೇಕು ಕಣೇ” ಅಂದ. ತನ್ನ ಬಗ್ಗೆ ಒಂದು ಮಾತಾಡಲಿಲ್ಲ ಪುಣ್ಯಾತ್ಮ. ನನಗೆ ಸಿಟ್ಟು ಬಂದು ಚೆನ್ನಾಗಿ ಬೈದೆ. ಬೈದು ಬೈದು ಅತ್ತೆ.

ಅವನಿಗೆ ಬೇಕಾಗಿದ್ದದ್ದು ಒಂದೇ. ಟೊರಿನೊದ ನ್ಯಾಯಾಲಯದಲ್ಲಿ ಕಾರ್ಖಾನೆಯ ಒಡೆಯರ ಮೇಲೆ ಮೊಕದ್ದಮೆ ನಡೆಯುತ್ತಿತ್ತು. ಸತ್ತವರ ಪಟ್ಟಿಯಲ್ಲಿ ಸಾವಿರದ ಮೇಲೆ ಹೆಸರುಗಳಿದ್ದವು. ಸೆಕೊಂಡೊ ಸಾಕ್ಷಿ ಹೇಳಿ ಬಂದಿದ್ದ. ತೀರ್ಪಿನ ದಿನ ನ್ಯಾಯಾಧೀಶರು ಎದ್ದು ನಿಂತು ಆ ಹೆಸರುಗಳನ್ನೆಲ್ಲ ಓದುತ್ತಾರೆ, ಓದಿ ‘ಇವರನ್ನು ಕೊಂದವರು ಇವರು’ ಅನ್ನುತ್ತಾರೆ ಎಂದು ಕಾಯುತ್ತಿದ್ದ.

“ಪರಿಹಾರ ಗಿರಿಹಾರ ಬೇಡ ನಂಗೆ,” ಅನ್ನುತ್ತಿದ್ದ. “ಕಾಯಿಲೆಯಿಂದ ಸತ್ತ ಅಂತ ಬರೀಬಾರ್ದು. ಕೊಂದ್ರು ಅಂತ ಬರೀಬೇಕು. ಆ ಒಂದು ಮಾತು ಕಿವೀಲಿ ಕೇಳ್ಕೊಂಡು ಹೋಗ್ತೀನಿ.”

ಆದರೆ ಒಡೆಯರ ವಕೀಲರು ಬೇರೊಂದು ದಾರಿ ಹುಡುಕಿದ್ದರು. ಕಾರ್ಖಾನೆ ಮುಚ್ಚಿ ಇಷ್ಟು ವರ್ಷವಾಯಿತು, ಕಾನೂನಿನ ಪ್ರಕಾರ ಅವಧಿ ಮುಗಿಯಿತು, ಇನ್ನು ಯಾರನ್ನೂ ಶಿಕ್ಷಿಸುವಂತಿಲ್ಲ ಎಂದು. ಧೂಳು ಮೂವತ್ತು ವರ್ಷ ಕಾದು ಕೊಲ್ಲುತ್ತದೆ, ಕಾನೂನು ಅಷ್ಟು ಕಾಯುವುದಿಲ್ಲ. ಅದಕ್ಕೆ ಸೆನೆಟ್ಟಿನಲ್ಲಿ ಒಂದು ತಿದ್ದುಪಡಿ ಬಂತು: ಇಂಥ ಸಾವುಗಳಲ್ಲಿ ಅವಧಿಯನ್ನು ಕಾರ್ಖಾನೆ ಮುಚ್ಚಿದ ದಿನದಿಂದಲ್ಲ, ಮನುಷ್ಯ ಸತ್ತ ದಿನದಿಂದ ಎಣಿಸಬೇಕು. ಎರಡೇ ಸಾಲು. ಆ ಎರಡು ಸಾಲಿಗೆ ನಮ್ಮೂರು ಉಸಿರು ಬಿಗಿಹಿಡಿದು ಕೂತಿತ್ತು.

ಡಾಕ್ಟ್ರು ಮತ್ತು ಸೆಕೊಂಡೊ ಒಂದೇ ಬೆಂಚಿನಲ್ಲಿ ಕೂತು ಓದಿದವರು. ಮತದಾನಕ್ಕೆ ಹತ್ತು ದಿನ ಇರುವಾಗ ಡಾಕ್ಟ್ರು ನಮ್ಮ ಮನೆಗೆ ಬಂದರು. ನಾನು ಬಾರ್ಬೆರಾ ವೈನು ಬಗ್ಗಿಸಿ, ಬೆಳ್ಳುಳ್ಳಿ ಹಚ್ಚಿದ ರೊಟ್ಟಿ ಇಟ್ಟೆ. ಸೆಕೊಂಡೊ ಅಷ್ಟು ಹೊತ್ತಿಗೆ ಎರಡು ಮಾತಿಗೊಮ್ಮೆ ನಿಲ್ಲಿಸಿ ಉಸಿರು ಎಳೆದುಕೊಳ್ಳುತ್ತಿದ್ದ.

“ಎವಾಸಿಯೊ, ನಿನ್ನ ಪಕ್ಷದವ್ರು ಏನಂತಾರೆ?”

“ಅವರು ಏನಾದ್ರೂ ಅನ್ಲಿ ಬಿಡೋ,” ಡಾಕ್ಟ್ರು ಅವನ ಮೊಣಕಾಲ ಮೇಲೆ ಕೈ ಇಟ್ಟರು. “ನಾನು ಈ ಊರಿನ ಕೆಮ್ಮು ಕೇಳ್ಕೊಂಡು ದೊಡ್ಡವನಾದವನು. ನಿಮ್ಮಪ್ಪಂಗೆ ಸಿರಪ್ಪು ಕೊಟ್ಟಿದ್ದು ನಾನೇ ಅಲ್ವೇನೋ? ನಾನು ನಿನ್ನ ವಿರುದ್ಧ ಹೋಗ್ತೀನಾ?”

ನೋಡಿ, ಆ ಮಾತನ್ನು ಈಗ ನೆನೆದರೆ ಹೊಟ್ಟೆ ಉರಿಯುತ್ತದೆ. ‘ಹಸಿರು ಒತ್ತುತ್ತೇನೆ’ ಎಂದು ಅವರು ಹೇಳಲೇ ಇಲ್ಲ. ‘ವಿರುದ್ಧ ಹೋಗ್ತೀನಾ’ ಅಂದರು. ನಮಗೆ ಬೇಕಾದ್ದನ್ನು ನಾವೇ ಕೇಳಿಸಿಕೊಂಡೆವು.

ಮಾರ್ಚ್ ಹದಿನಾಲ್ಕರ ಮಧ್ಯಾಹ್ನ ಸುದ್ದಿ ಬಂತು. ತಿದ್ದುಪಡಿ ಬಿದ್ದುಹೋಯಿತು. ಇರ್ಮಾಳ ಅಂಗಡಿಯಲ್ಲಿ ಟೀವಿ ನೋಡುತ್ತ ಕೂತಿದ್ದ ಮೂವತ್ತು ನಲವತ್ತು ಜನರಲ್ಲಿ ಒಬ್ಬರೂ ಬೈಯಲಿಲ್ಲ. ಎದ್ದು, ಕುರ್ಚಿಗಳನ್ನು ಒಳಕ್ಕೆ ತಳ್ಳಿ, ಮನೆಗೆ ಹೋದರು. ಇರ್ಮಾ ಮಾತ್ರ, “ಥೂ, ಇವರ ಮನೆ ಹಾಳಾಗ” ಅಂದು ಟೀವಿ ಆರಿಸಿದಳು.

ಮರುದಿನ ಬೆಳಿಗ್ಗೆ ರೋಮಿನಿಂದ ಫ್ಯಾಕ್ಸಿನಲ್ಲಿ ಮತದಾನದ ದಾಖಲೆ ಬಂತು. ಪ್ರತಿ ತಿಂಗಳೂ ಬರುತ್ತಿತ್ತು, ಅದನ್ನು ನೋಡಿಯೇ ನಾನು ಚುಕ್ಕೆ ಅಂಟಿಸುತ್ತಿದ್ದದ್ದು. ಹಾಜರಿದ್ದವರು ಇನ್ನೂರ ಎಂಬತ್ತು. ಹಸಿರು ನೂರ ನಲವತ್ತು. ಕೆಂಪು ನೂರ ಮೂವತ್ತೊಂಬತ್ತು. ಬಿಳಿ ಒಂದು.

ಆ ಒಂದು ಯಾರದು ಎಂದು ನೋಡಲು ನಾನು ಪುಟ ತಿರುಗಿಸಿದೆ. ನಮ್ಮ ಇಟಾಲಿಯನ್ ಅಕ್ಷರಮಾಲೆಯಲ್ಲಿ ‘ಬಿ’ ಎರಡನೆಯದು, ಹುಡುಕುವ ಕಷ್ಟವಿರಲಿಲ್ಲ. ಬರ್ತೋಲಿಯೊ, ಎವಾಸಿಯೊ. ಬಿಳಿ.

ಹಸಿರು ಹೆಚ್ಚು, ಕೆಂಪು ಕಡಿಮೆ, ಮತ್ತೆ ಸೋತದ್ದು ಹೇಗೆ ಎಂದು ನೀವು ಕೇಳಬಹುದು. ಊರಿನವರು ಕೇಳಲಿಲ್ಲ, ಯಾಕೆಂದರೆ ಅವರಿಗೆ ಸಂಖ್ಯೆ ಗೊತ್ತಿರಲಿಲ್ಲ. ನನಗೆ ಗೊತ್ತಿತ್ತು. ಹನ್ನೊಂದು ವರ್ಷ ಆ ಕಾಗದಗಳ ಜೊತೆ ಬಾಳಿದವಳು ನಾನು. ಆಗ ಸೆನೆಟ್ಟಿನಲ್ಲಿ ಹಳೇ ನಿಯಮವಿತ್ತು, ಈಗ ಅದನ್ನು ಬದಲಾಯಿಸಿದ್ದಾರೆ. ಹಾಜರಿದ್ದವರಲ್ಲಿ ಅರ್ಧಕ್ಕಿಂತ ಒಂದಾದರೂ ಹೆಚ್ಚು ಹಸಿರು ಬೇಕು. ಬಿಳಿ ಒತ್ತಿದವನೂ ಹಾಜರಿದ್ದವನೇ. ಅಂದರೆ ಹಸಿರಲ್ಲದ್ದೆಲ್ಲ ವಿರೋಧವೇ. ಕೆಳಮನೆಯಲ್ಲಿ ಬಿಳಿ ಒತ್ತಿದರೆ ಯಾರಿಗೂ ನಷ್ಟವಿಲ್ಲ, ಮೇಲ್ಮನೆಯಲ್ಲಿ ಅದು ಸುಣ್ಣ ಬಳಿದ ಕೆಂಪು. ಇನ್ನೂರ ಎಂಬತ್ತರ ಅರ್ಧ ನೂರ ನಲವತ್ತು, ಅದಕ್ಕೇ ಸೋತಿತು. ನಿಜವಾಗಿ ಯಾವ ಕಡೆಗೂ ಸೇರಬಾರದು ಅನ್ನುವ ಸೆನೆಟರುಗಳು ಮತದಾನದ ಗಂಟೆ ಹೊಡೆಯುವ ಮುಂಚೆ ಎದ್ದು ಹೊರಗೆ ಹೋಗಿ ಕಾಫಿ ಕುಡಿಯುತ್ತಿದ್ದರು. ಅದು ಅಲ್ಲಿನ ರೂಢಿ, ಎಲ್ಲರಿಗೂ ಗೊತ್ತು. ನಮ್ಮ ಡಾಕ್ಟ್ರು ಎದ್ದು ಹೋಗಿದ್ದರೆ ಹಾಜರಿ ಇನ್ನೂರ ಎಪ್ಪತ್ತೊಂಬತ್ತು. ನೂರ ನಲವತ್ತು ಹಸಿರು ಸಾಕಾಗುತ್ತಿತ್ತು.

ಹಸಿರು ಒತ್ತುವ ಧೈರ್ಯವೂ ಬೇಕಿರಲಿಲ್ಲ ಅವರಿಗೆ. ಎದ್ದು ಹೋಗಿ ಒಂದು ಕಾಫಿ ಕುಡಿದಿದ್ದರೆ ನಾವು ಗೆಲ್ಲುತ್ತಿದ್ದೆವು. ಲೆಕ್ಕವನ್ನು ಮೂರು ಸಲ ಮಾಡಿದೆ. ಮೂರು ಸಲವೂ ಅದೇ ಬಂತು.

ಶನಿವಾರ ಡಾಕ್ಟ್ರು ಊರಿಗೆ ಬಂದರು. ಔಷಧದಂಗಡಿಯ ಮೇಲಿನ ಕಚೇರಿಯಲ್ಲಿ ಕೋಟು ಬಿಚ್ಚುವ ಮೊದಲೇ ನಾನು ದಾಖಲೆಯನ್ನು ಮೇಜಿನ ಮೇಲೆ ಹರಡಿದೆ.

“ನೋಡಿದೀಯ ಅನ್ಸುತ್ತೆ,” ಅಂದರು.

“ಲೆಕ್ಕಾನೂ ಮಾಡ್ದೆ ಡಾಕ್ಟ್ರೇ.”

ಅವರು ಕಿಟಕಿಯ ಕಡೆ ಹೋಗಿ ನಿಂತರು. “ಪಕ್ಷದವ್ರು ಕೆಂಪು ಒತ್ತು ಅಂದಿದ್ರು ಡೆಲ್ಫೀನಾ. ಒತ್ತಲಿಲ್ಲ ನಾನು. ಅದನ್ನ ಯಾಕೆ ನೋಡಲ್ಲ ನೀನು? ಹತ್ತು ವೋಟಿಂದ ಬೀಳುತ್ತೆ, ನಿನ್ನ ಒಂದರಿಂದ ಏನೂ ಆಗಲ್ಲ ಅಂದ್ರು. ಇಷ್ಟು ಹತ್ತಿರಕ್ಕೆ ಬರುತ್ತೆ ಅಂತ ಯಾರಿಗೆ ಗೊತ್ತಿತ್ತು?”

“ಎದ್ದು ಹೋಗಬಹುದಿತ್ತಲ್ಲ? ಹೋದ ವರ್ಷ ಬೇಟೆ ಕಾನೂನಿಗೆ ಎದ್ದು ಹೋಗಿದ್ರಿ. ರೈಲಿನ ಕಾನೂನಿಗೂ ಹೋಗಿದ್ರಿ. ಅವುಗಳೆದುರು ಚುಕ್ಕೆ ಇಲ್ಲದೆ ಜಾಗ ಖಾಲಿ ಬಿಟ್ಟವಳು ನಾನೇ.”

“ಈ ಸಲ ಹೊರಗೆ ಹೋದವರ ಹೆಸರು ಬರ್ಕೊಳ್ತಿದ್ರು. ಮುಂದಿನ ವರ್ಷ ಚುನಾವಣೆ. ಪಟ್ಟಿಯಿಂದ ತೆಗೆದು ಬಿಸಾಕ್ತಾರೆ.” ಅವರ ಧ್ವನಿ ಇಳಿಯಿತು. “ಬಿಳಿ ಆದ್ರೆ ಪರವಾಗಿಲ್ಲ ಅಂದ್ರು.”

ಪರವಾಗಿಲ್ಲವಂತೆ! ಪರವಾಗಿಲ್ಲ ಅನ್ನದೆ ಇನ್ನೇನು ಅಂದಾರು, ಕೆಲಸ ಆಗುತ್ತದಲ್ಲ! ಪಕ್ಷಕ್ಕೆ ಅವರ ಕೆಂಪು ಸಿಕ್ಕಿತು, ಊರಿಗೆ ತೋರಿಸಲು ಇವರಿಗೆ ಬಿಳಿ ಸಿಕ್ಕಿತು. ಅಡ್ಡಗೋಡೆಯ ಮೇಲೆ ದೀಪ ಇಟ್ಟು ನಮ್ಮ ಮನೆಯನ್ನು ಕತ್ತಲು ಮಾಡಿದರು. ಇದನ್ನೆಲ್ಲ ಅವರ ಮುಖಕ್ಕೆ ಹೇಳಿದೆನೆ? ಇಲ್ಲ. ಇಲ್ಲಿ ಬರೆಯುವಾಗ ಬಾಯಿ ದೊಡ್ಡದು. ಆ ದಿನ ಮೇಜಿನ ಅಂಚು ಹಿಡಿದು ನಿಂತಿದ್ದೆ.

“ಬರ್ಕೋ,” ಅಂದರು ಡಾಕ್ಟ್ರು. “‘ಸೆನೆಟರ್ ಬರ್ತೋಲಿಯೊ ತಮ್ಮ ಪಕ್ಷದ ಒತ್ತಡವಿದ್ದರೂ ತಿದ್ದುಪಡಿಯನ್ನು ವಿರೋಧಿಸಲಿಲ್ಲ.’ ಸುಳ್ಳೇನಿಲ್ವಲ್ಲ ಅದ್ರಲ್ಲಿ. ಸಂಖ್ಯೆ ಹಾಕ್ಬೇಡ.”

“ಸೆಕೊಂಡೊ ಓದ್ತಾನೆ ಡಾಕ್ಟ್ರೇ.”

“ಅದಕ್ಕೇ ಹೇಳ್ತಿರೋದು. ಅವನಿಗೆ ಎಷ್ಟು ತಿಂಗಳಿದೆ? ಆರು? ಎಂಟು? ನನ್ನ ಸ್ನೇಹಿತ ಮೋಸ ಮಾಡ್ದ ಅಂತ ಕೊರಗಿ ಸಾಯ್ಬೇಕಾ ಅವನು? ನೀನೇ ಹೇಳು.”

ಎಂಥಾ ಚಾಣಾಕ್ಷ! ತನ್ನ ಮಾನ ಉಳಿಸುವುದನ್ನು ನನ್ನ ಗಂಡನಿಗೆ ಕೊಡುವ ಔಷಧ ಮಾಡಿ, ಚಮಚ ನನ್ನ ಕೈಗೆ ಕೊಟ್ಟರು. ನಾನು ಟೈಪು ಮಾಡಿದೆ. ಯಾಕೆ ಎಂದು ಎಷ್ಟೋ ಸಲ ನನ್ನನ್ನೇ ಕೇಳಿಕೊಂಡಿದ್ದೇನೆ. ಸೆಕೊಂಡೊಗೆ ನೋವಾಗದಿರಲಿ ಅಂತಲೋ, ಹನ್ನೊಂದು ವರ್ಷದ ಅಭ್ಯಾಸವೋ, ಕೆಲಸ ಹೋದರೆ ಎಂಬ ಭಯವೋ. ಮೂರೂ ಇತ್ತು. ಬಿಳಿ ಚುಕ್ಕೆ ಕತ್ತರಿಸಿ ಅಂಟಿಸಿದೆ. ಬಿಳಿ ಹಾಳೆಯ ಮೇಲೆ ಬಿಳಿ ಚುಕ್ಕೆ ಕಾಣುವುದೇ ಇಲ್ಲ. ಸುತ್ತ ಪೆನ್ಸಿಲಿನಲ್ಲಿ ಗೆರೆ ಎಳೆದೆ.

ತಿಂಗಳ ಮೊದಲ ಸೋಮವಾರಕ್ಕೆ ಕಾಯದೆ, ಆ ಸೋಮವಾರವೇ ಅದನ್ನು ಗಾಜಿನೊಳಗೆ ಹಾಕಿದೆ. ಇರ್ಮಾ ಗಾಜಿನ ಮುಂದೆ ಬಹಳ ಹೊತ್ತು ನಿಂತಳು.

“ವಿರೋಧಿಸಲಿಲ್ಲ ಅಂದ್ರೆ ಏನೇ? ನಮ್ಮ ಕಡೆಗೆ ಒತ್ತಿದ್ರಾ, ಇಲ್ವಾ?”

“ಬಿಳಿ ಇರ್ಮಾ. ಯಾವ ಕಡೆಗೂ ಇಲ್ಲ.”

“ಅಂದ್ರೆ ನಮ್ಮನ್ನ ಕೆಡಿಸ್ಲಿಲ್ಲ.”

ನಾನು ಬೀಗ ಹಾಕುತ್ತಿದ್ದೆ. ಅವಳ ಕಡೆ ತಿರುಗದೆ, “ಇಲ್ಲ,” ಅಂದೆ.

“ಸರಿ ಬಿಡು. ಗಂಡಸುತನ ಇಲ್ದಿದ್ರೂ ನಿಯತ್ತಾದ್ರೂ ಇದೆಯಲ್ಲ. ಬಾ, ಕಾಫಿ ಆರುತ್ತೆ.”

ಆ ವಾರವೇ ಚರ್ಚಿನ ಪಕ್ಕದ ಸಭಾಮನೆಯಲ್ಲಿ ಕಾಯಿಲೆಯವರ ಸಂಘದ ಸಭೆ. ಮುಂದಿನ ಚುನಾವಣೆಯಲ್ಲಿ ಡಾಕ್ಟ್ರಿಗೆ ವೋಟು ಹಾಕಬಾರದು ಎಂದು ಕೆಲವರು ಕೂಗಾಡಿದರು. ಸೆಕೊಂಡೊ ಎದ್ದ. ನಾನು ಕೋಟು ಹಿಡಿದು ಎಳೆದೆ, ಕೈ ಕೊಡವಿಕೊಂಡ.

“ನಂಗೆ... ಜಾಸ್ತಿ ಮಾತಾಡೋಕಾಗಲ್ಲ,” ಅಂದ. “ಎವಾಸಿಯೊ ಪುಕ್ಕಲ. ನಾಕನೇ ಕ್ಲಾಸಿಂದ ನೋಡಿದೀನಿ. ಆದ್ರೆ ಅವನು... ನಮ್ಮ ವಿರುದ್ಧ ಹೋಗ್ಲಿಲ್ಲ. ಅವನ ಪಕ್ಷ ಕತ್ತು ಹಿಡಿದ್ರೂ ಹೋಗ್ಲಿಲ್ಲ. ಹಾಳೇಲಿ ಬರ್ದಿದೆ. ನನ್ನ ಹೆಂಡ್ತಿ ಬರ್ದಿರೋದು. ಅವಳು ಸುಳ್ಳು ಬರೆಯೋಳಲ್ಲ.”

ಜನ ನನ್ನ ಕಡೆ ತಿರುಗಿ ನೋಡಿದರು. ಯಾರೋ ತಲೆಯಾಡಿಸಿದರು. ನಾನು ಬಗ್ಗಿ ಚೀಲದಲ್ಲಿ ಕರವಸ್ತ್ರ ಹುಡುಕುವವಳ ಹಾಗೆ ಮುಖ ಮರೆಸಿಕೊಂಡೆ. ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಬಾಯಿ ಬಿಡಬೇಕಾಗಿದ್ದದ್ದು ಭೂಮಿಯಲ್ಲ, ನಾನು.

ಅಕ್ಟೋಬರಿನಲ್ಲಿ ಟೊರಿನೊದ ನ್ಯಾಯಾಲಯ ಮೊಕದ್ದಮೆಯನ್ನು ಮುಚ್ಚಿತು. ಅವಧಿ ಮುಗಿದಿದೆ, ಅಪರಾಧ ನಡೆದಿದೆಯೋ ಇಲ್ಲವೋ ನೋಡುವಂತಿಲ್ಲ. ನ್ಯಾಯಾಧೀಶರು ನಾಲ್ಕು ನಿಮಿಷ ಓದಿದರು. ಒಂದು ಹೆಸರನ್ನೂ ಓದಲಿಲ್ಲ. ಸೆಕೊಂಡೊ ಆಗ ಹಾಸಿಗೆ ಹಿಡಿದಿದ್ದ, ಮೂಗಿಗೆ ಆಮ್ಲಜನಕದ ಕೊಳವೆ. ರೇಡಿಯೊದಲ್ಲಿ ಕೇಳಿ ಗೋಡೆಯ ಕಡೆ ಹೊರಳಿದ. ಎರಡು ದಿನ ನೀರು ಬಿಟ್ಟು ಏನೂ ಮುಟ್ಟಲಿಲ್ಲ.

ಮೂರನೇ ದಿನ ಬೆಳಿಗ್ಗೆ ದಿಂಬಿಗೆ ಒರಗಿ ಕೂತು, “ಡೆಲ್ಫೀ, ಆ ಮಾರ್ಚಿನ ಕಾಗದ ತಂದ್ಕೊಡು” ಅಂದ.

“ಯಾವ್ದು?”

“ರೋಮಿಂದ ಬಂದದ್ದು. ಯಾರ್ಯಾರು ನಮ್ಮನ್ನ ಕೊಂದ್ರು ಅಂತ ಹೆಸರು ನೋಡ್ಬೇಕು. ನ್ಯಾಯಾಧೀಶ ಓದ್ಲಿಲ್ಲ, ನಾನೇ ಓದ್ತೀನಿ.”

“ಕಚೇರೀಲಿ ಎಲ್ಲೋ ಇರ್ಬೇಕು. ಹುಡುಕ್ಬೇಕು.”

“ಹುಡುಕು.”

ಹುಡುಕುವುದೇನಿತ್ತು? ನನ್ನ ಹೊಲಿಗೆ ಪೆಟ್ಟಿಗೆಯ ತಳದಲ್ಲಿ ಮಡಚಿಟ್ಟಿದ್ದೆ. ಕಳೆದುಹೋಗಿದೆ ಅನ್ನಬಹುದಿತ್ತು. ಆಗಲಿಲ್ಲ. ಸಾಯುವವನು ಕೈ ಚಾಚಿ ಕೇಳುವಾಗ ಇನ್ನೊಂದು ಸುಳ್ಳು ಬಾಯಿಗೆ ಬರಲಿಲ್ಲ. ತಂದು ಕೊಟ್ಟೆ.

ಕನ್ನಡಕ ಹಾಕಿಕೊಂಡು, ಬೆರಳಿಟ್ಟುಕೊಂಡು ಕೆಂಪಿನ ಹೆಸರುಗಳನ್ನು ಒಂದೊಂದಾಗಿ ಓದಿದ. ಆಮೇಲೆ ಮೇಲಿನ ಸಾಲಿಗೆ ಬಂದು ನಿಂತ. ಕೂದಲೆಳೆಯಷ್ಟು ತಪ್ಪಿದರೂ ಪೈಪು ಕಸಕ್ಕೆ ಹೋಗುವ ಕೆಲಸ ಮಾಡಿದವನು ಅವನು. ಸಂಖ್ಯೆ ಅವನ ಕಣ್ಣು ತಪ್ಪಿಸುವುದುಂಟೆ?

“ಹಸಿರು ನೂರಾ ನಲವತ್ತು. ಕೆಂಪು ನೂರಾ ಮೂವತ್ತೊಂಬತ್ತು. ಮತ್ತೆ ನಾವು ಸೋತಿದ್ದು ಹೇಗೆ?”

ನಾನು ಸೂಪಿನ ಬಟ್ಟಲನ್ನು ಕೆಳಗಿಟ್ಟೆ. ಹಾಸಿಗೆಯ ತುದಿಯಲ್ಲಿ ಕೂತು ಎಲ್ಲ ಹೇಳಿದೆ. ನಿಯಮ ಹೇಳಿದೆ, ಎದ್ದು ಹೊರಗೆ ಹೋಗುವ ರೂಢಿ ಹೇಳಿದೆ, ಕಾಫಿಯ ವಿಷಯ ಹೇಳಿದೆ, ಡಾಕ್ಟ್ರು ಏನು ನೆಪ ಹೇಳಿ ಬರೆಸಿದರು ಎಂದೂ ಹೇಳಿದೆ. ಹೇಳುತ್ತಾ ಹೇಳುತ್ತಾ ನನ್ನ ಧ್ವನಿ ಯಾರದೋ ಅನ್ನಿಸುತ್ತಿತ್ತು. ಕೊಳವೆಯ ಸುಯ್ ಸುಯ್ ಒಂದೇ ಕೇಳುತ್ತಿತ್ತು.

“ಒಂದು ಕಾಫಿ,” ಅಂದ ಕೊನೆಗೆ. ನಗಲು ಹೋಗಿ ಕೆಮ್ಮಿದ. ಬಹಳ ಹೊತ್ತು ಕೆಮ್ಮಿದ. ಬೆನ್ನು ನೀವಲು ಹೋದರೆ ನನ್ನ ಕೈಯನ್ನು ಮೆಲ್ಲಗೆ ಪಕ್ಕಕ್ಕೆ ಸರಿಸಿದ.

“ನಿಂಗೆ ಮಾರ್ಚಲ್ಲೇ ಗೊತ್ತಿತ್ತು.”

“ಗೊತ್ತಿತ್ತು.”

“ಅಷ್ಟು ಜನರ ಮುಂದೆ ನಾನು ಎದ್ದು ಮಾತಾಡಿದಾಗ್ಲೂ ಗೊತ್ತಿತ್ತು.”

“ನಿಂಗೆ ನೋವಾಗ್ಬಾರ್ದು ಅಂತ...”

“ಅವನ ಮಾತು ನನ್ನ ಹತ್ರ ಆಡ್ಬೇಡ.” ಸಿಟ್ಟಿರಲಿಲ್ಲ ಅವನ ಮುಖದಲ್ಲಿ. ಸಿಟ್ಟು ಬಂದಿದ್ದರೆ ನನಗೆ ಎಷ್ಟೋ ಹಗುರಾಗುತ್ತಿತ್ತು. “ನಿನ್ನ ಮೇಲೆ ಆಣೆ ಇಟ್ಟ ಹಾಗೆ ಹೇಳಿದ್ನಲ್ಲೇ ನಾನು. ಅವ್ರೆಲ್ಲ ನಂಬಿದ್ರು. ಈಗ್ಲಾದ್ರೂ ಬರಿ. ಇದ್ದದ್ದು ಇದ್ದ ಹಾಗೆ ಬರ್ದು ಅಂಟಿಸು. ನಾನಿರುವಾಗ್ಲೇ.”

“ಬರೀತೀನಿ,” ಅಂದೆ.

ಬರೆದೆ ಕೂಡ. ಅವತ್ತೇ ಬರೆದೆ. ಅಂಟಿಸಲಿಲ್ಲ. ಈ ಸೋಮವಾರ, ಮುಂದಿನ ಸೋಮವಾರ ಎಂದು ಮೂರು ವಾರ ಆ ಹಾಳೆಯನ್ನು ಚೀಲದಲ್ಲಿಟ್ಟುಕೊಂಡು ಗಾಜಿನ ಪೆಟ್ಟಿಗೆಯ ಮುಂದೆ ಓಡಾಡಿದೆ. ಇರ್ಮಾ ಬಾಗಿಲಲ್ಲಿ ನಿಂತಿರುತ್ತಿದ್ದಳು, ಸಂಘದ ಯಾರಾದರೂ ಎದುರಾಗುತ್ತಿದ್ದರು, ನನ್ನ ಕೈ ಮೇಲೇಳುತ್ತಿರಲಿಲ್ಲ. ಸಂಜೆ ಮನೆಗೆ ಹೋದರೆ ಸೆಕೊಂಡೊ ಕಣ್ಣಲ್ಲೇ ಕೇಳುತ್ತಿದ್ದ. ನಾನು ತಲೆ ತಗ್ಗಿಸುತ್ತಿದ್ದೆ. ಅವನು ಮತ್ತೆ ಬಾಯಿಬಿಟ್ಟು ಕೇಳಲಿಲ್ಲ. ನವೆಂಬರ್ ಒಂಬತ್ತರ ಬೆಳಿಗ್ಗೆ, ನಾನು ದಿಂಬಿನ ಚೀಲ ಬದಲಿಸುತ್ತಿರುವಾಗ, ಹೋಗಿಬಿಟ್ಟ.

ಮಣ್ಣಿನ ದಿನ ಮಂಜು ಎಷ್ಟು ದಟ್ಟವಾಗಿತ್ತೆಂದರೆ ಚೌಕದ ಆಚೆಯ ಗಂಟೆಗೋಪುರ ಕಾಣುತ್ತಿರಲಿಲ್ಲ. ಊರಿಗೆ ಊರೇ ಬಂದಿತ್ತು. ನಮ್ಮೂರಲ್ಲಿ ಶವಪೆಟ್ಟಿಗೆ ಹೊರುವವರು ಆರು ಜನ, ಮುಂದಿನ ಬಲಗಡೆಯ ಜಾಗ ಹಳೇ ಸ್ನೇಹಿತನದು. ಡಾಕ್ಟ್ರು ಹೆಗಲು ಕೊಡಲು ಬರಬಹುದು ಎಂದು ನಾನು ಎಣಿಸಿಯೇ ಇರಲಿಲ್ಲ. ಆದರೆ ಬಂದರು. ಕಪ್ಪು ಕೋಟು, ಎದೆಯ ಮೇಲೆ ಕಾಯಿಲೆಯವರ ಸಂಘದ ಬಿಲ್ಲೆ. ಚುನಾವಣೆಗೆ ಮೂರು ತಿಂಗಳಿತ್ತು. ಕಣ್ಣು ನಿಜವಾಗಿಯೂ ಕೆಂಪಾಗಿತ್ತು, ಅದನ್ನು ಇಲ್ಲ ಅನ್ನಲಾರೆ.

ಪೆಟ್ಟಿಗೆಯ ಬಳಿ ಬಂದು ಬಲಗಡೆಯ ಹಿಡಿಗೆ ಕೈ ಹಾಕಿದರು. ಇರ್ಮಾ ಪಕ್ಕಕ್ಕೆ ಸರಿದು ಜಾಗ ಬಿಟ್ಟಳು. ಏನು ಹೇಳಬೇಕೆಂದು ನಾನು ಯೋಚಿಸಿಟ್ಟುಕೊಂಡಿರಲಿಲ್ಲ, ದೇವರಾಣೆ. ಹೆಜ್ಜೆ ತಾನಾಗಿ ಮುಂದೆ ಹೋಯಿತು. ಅವರ ಕೈಯನ್ನು ಹಿಡಿಯಿಂದ ಬಿಡಿಸಿದೆ. ಬೆರಳು ಒಂದೊಂದಾಗಿ ಬಿಡಿಸಬೇಕಾಯಿತು.

“ಡಾಕ್ಟ್ರೇ,” ಅಂದೆ, “ನೀವು ಹೋಗಿ ಒಂದು ಕಾಫಿ ಕುಡ್ದು ಬನ್ನಿ.”

“ಡೆಲ್ಫೀನಾ, ಇದೇನು...”

“ಹೋಗಿ ಡಾಕ್ಟ್ರೇ. ಆವತ್ತು ಹೋಗ್ಲಿಲ್ಲ. ಇವತ್ತಾದ್ರೂ ಹೋಗಿ.”

ಜನಕ್ಕೆ ಅರ್ಥವಾಗಲಿಲ್ಲ. ಅವರಿಗೆ ಅರ್ಥವಾಯಿತು. ಮುಖ ಸುಣ್ಣದಂತಾಯಿತು. ಸಂಘದ ಬಿಲ್ಲೆಯನ್ನು ಕೈಯಿಂದ ಮುಚ್ಚಿಕೊಂಡು ಹಿಂದೆ ಸರಿದರು. ಮಂಜಿನಲ್ಲಿ ನಾಲ್ಕು ಹೆಜ್ಜೆ ಇಟ್ಟಮೇಲೆ ಕಾಣಿಸಲಿಲ್ಲ. ಅವರು ಬಿಟ್ಟ ಹಿಡಿಯನ್ನು ನಾನೇ ಹಿಡಿದೆ. ಹೆಂಗಸರು ಹೊರುವುದು ರೂಢಿಯಿಲ್ಲ. ಯಾರೂ ಬೇಡ ಅನ್ನಲಿಲ್ಲ. ಸೆಕೊಂಡೊ ಕೊನೆಗೆ ನಲವತ್ತೇಳು ಕಿಲೋ ಇದ್ದ, ಭಾರವೆಲ್ಲ ಮರದ್ದೇ.

ಮಣ್ಣು ಮುಗಿಸಿ ನೇರ ಕಮಾನುಸಾಲಿಗೆ ಬಂದೆ. ಚೀಲದಿಂದ ಬೀಗದ ಕೈ ತೆಗೆದೆ, ಹಾಳೆ ತೆಗೆದೆ. ಮಂಜಿಗೆ ಬೆರಳು ಮರಗಟ್ಟಿ ಪಿನ್ನು ಎರಡು ಸಲ ಕೆಳಗೆ ಬಿತ್ತು. ಇರ್ಮಾ ಹಿಂದೆಯೇ ಬಂದಿದ್ದಳು. ನನ್ನ ಭುಜದ ಮೇಲಿಂದ ಗಟ್ಟಿಯಾಗಿ ಓದತೊಡಗಿದಳು. ಹಾಜರಿ ಇನ್ನೂರ ಎಂಬತ್ತು. ಹಸಿರು ನೂರ ನಲವತ್ತು. ಸೆನೆಟ್ಟಿನ ನಿಯಮದಂತೆ ಬಿಳಿಯೂ ವಿರೋಧವೇ. ಸೆನೆಟರ್ ಬರ್ತೋಲಿಯೊ ಎದ್ದು ಹೊರಗೆ ಹೋಗಿದ್ದರೆ ತಿದ್ದುಪಡಿ ಗೆಲ್ಲುತ್ತಿತ್ತು.

“ಅಯ್ಯೋ ಅವನ ಬಾಯಿಗೆ ಮಣ್ಣು ಹಾಕ!” ಇರ್ಮಾ ಗಾಜಿಗೆ ಅಂಗೈಯಿಂದ ಹೊಡೆದಳು. “ಅದಕ್ಕೇನೇ ನೀನು ಕಾಫಿ ಕುಡ್ದು ಬಾ ಅಂದಿದ್ದು! ನೋಡಿದ್ಯಾ ಕಳ್ಳನ...”

“ಪೂರ್ತಿ ಓದು ಇರ್ಮಾ,” ಅಂದೆ. “ಇನ್ನೊಂದು ಸಾಲಿದೆ.”

ಅವಳು ಬಗ್ಗಿದಳು. ಆ ಸಾಲನ್ನು ಗಟ್ಟಿಯಾಗಿ ಓದಲಿಲ್ಲ. ‘ಈ ಹಾಳೆ ಬರೆದವಳು ಡೆಲ್ಫೀನಾ. ಇದೆಲ್ಲ ಗೊತ್ತಿದ್ದೂ ಮಾರ್ಚ್ ತಿಂಗಳ ಹಾಳೆ ಬರೆದವಳೂ ಇವಳೇ.’

ಅವಳ ತುಟಿ ಎರಡು ಸಲ ಅಲುಗಿತು. ನನ್ನ ಮುಖ ನೋಡಿದಳು, ಮತ್ತೆ ಹಾಳೆ ನೋಡಿದಳು.

“ಆವತ್ತು ನಾನು ಇಲ್ಲೇ ನಿಂತು ಕೇಳಿದ್ದೆ,” ಅಂದಳು. “ಕೆಡಿಸ್ಲಿಲ್ಲ ಅಲ್ವಾ ಅಂತ ಕೇಳಿದ್ದೆ. ಇಲ್ಲ ಅಂದೆ ನೀನು.”

“ಅಂದೆ.”

“ನನ್ನ ಮನೆಯ ಮೂರು ಹೆಸರಿದ್ವು ಆ ಪಟ್ಟೀಲಿ.”

ಅಷ್ಟೇ ಹೇಳಿ ಒಳಗೆ ಹೋದಳು. ಬಾಗಿಲನ್ನು ಬಡಿಯಲಿಲ್ಲ, ಮೆಲ್ಲಗೆ ಎಳೆದುಕೊಂಡಳು. ಒಳಗಿನಿಂದ ಚಿಲಕ ಹಾಕಿದ್ದು ಕೇಳಿಸಿತು.

ಫೆಬ್ರವರಿಯ ಚುನಾವಣೆಯಲ್ಲಿ ಡಾಕ್ಟ್ರು ಸೋತರು. ಕಚೇರಿ ಮುಚ್ಚಿತು. ಇರ್ಮಾಳ ಅಂಗಡಿ ಈಗಲೂ ಬೆಳಿಗ್ಗೆ ಏಳಕ್ಕೆ ತೆರೆಯುತ್ತದೆ. ನಾನು ಕಾಫಿ ಮನೆಯಲ್ಲೇ ಮಾಡಿಕೊಳ್ಳುತ್ತೇನೆ.